ಸ್ಟನ್ ಕೊಟ್ಟರೆ ಬಾಸ್ ಬೆರ್ಚಪ್ಪ, ಕೊಡದಿದ್ದರೆ ಗೋಡೆ. ಎಂತ ಮಾಡುವುದು?

ಬದಿಯಡ್ಕ_ಬಣ್ಣದವೇಷ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಬೇಡಿ.

ನಾನು ಮತ್ತು ಚಿಕ್ಕಪ್ಪನ ಮಗ ಸೇರಿ ಗೋಡೋ ಎಂಜಿನ್‌ನಲ್ಲಿ ಒಂದು ಸಣ್ಣ ಆನ್‌ಲೈನ್ ಗೇಮ್ ಮಾಡುತ್ತಿದ್ದೇವೆ. ನಾಲ್ಕು ಜನ ಸೇರಿ ಒಬ್ಬ ಬಾಸ್‌ನನ್ನು (ದೊಡ್ಡ ಶತ್ರುವನ್ನು) ಹೊಡೆಯುವುದು, ಅಷ್ಟೇ. ಬೇರೆ ಲೆವೆಲ್ ಇಲ್ಲ, ಕತೆ ಇಲ್ಲ. ಬಾಸ್ ನಮ್ಮ ಊರಿನ ಆಟದ ಬಣ್ಣದ ವೇಷದ ಹಾಗೆ (ಆಟ ಅಂದ್ರೆ ಇಲ್ಲಿ ಯಕ್ಷಗಾನ, ಬಣ್ಣದ ವೇಷ ಅಂದ್ರೆ ಅದರ ರಾಕ್ಷಸ ಪಾತ್ರ, ಗಟ್ಟದ ಮೇಲಿನವರಿಗೆ ಹೇಳಿದ್ದು). ಮುಖದ ತುಂಬ ಚಿಟ್ಟಿ (ಅಕ್ಕಿ ಹಿಟ್ಟಿನ ಬಿಳಿ ಮುಳ್ಳು), ತಲೆಯ ಮೇಲೆ ದೊಡ್ಡ ಕಿರೀಟ. ತೆರೆಯ ಹಿಂದಿನಿಂದ ಬರುತ್ತಾನೆ, ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ ಏಳುತ್ತದೆ. ನೋಡಲಿಕ್ಕೆ ಚೆನ್ನಾಗಿಯೇ ಬಂದಿದೆ, ಹೊಗಳಿಕೊಳ್ಳುವುದಲ್ಲ.

ಸಮಸ್ಯೆ ಇರುವುದು ಸ್ಟನ್‌ನಲ್ಲಿ, ಅಂದ್ರೆ ಎದುರಿನವನನ್ನು ಸ್ವಲ್ಪ ಹೊತ್ತು ಅಲುಗಾಡದ ಹಾಗೆ ನಿಲ್ಲಿಸುವ ಬಟನ್‌ನಲ್ಲಿ. ಪ್ರತಿಯೊಬ್ಬರಿಗೂ 3 ಸೆಕೆಂಡಿನ ಒಂದು ಸ್ಟನ್ ಕೊಟ್ಟಿದ್ದೆವು, ಕೂಲ್‌ಡೌನ್ (ಮತ್ತೆ ಒತ್ತಲು ಕಾಯಬೇಕಾದ ಹೊತ್ತು) 12 ಸೆಕೆಂಡ್. ಲೆಕ್ಕ ಗೊತ್ತಾಯ್ತಲ್ಲ? ನಾಲ್ಕು ಮೂರಲಿ ಹನ್ನೆರಡು. ಒಬ್ಬರಾದ ಮೇಲೆ ಒಬ್ಬರು ಒತ್ತುತ್ತಾ ಹೋದರೆ ಬಾಸ್ ಗದ್ದೆಯ ಬೆರ್ಚಪ್ಪನ ಹಾಗೆ ನಿಂತಲ್ಲೇ ನಿಂತು ಸಾಯುತ್ತಾನೆ. ಇದನ್ನು ಕಂಡುಹಿಡಿದದ್ದು ಒಂಬತ್ತನೇ ಕ್ಲಾಸಿನ ನನ್ನ ತಂಗಿ. ಮೊನ್ನೆ ಮಳೆಯ ದಿನ ಚಾವಡಿಯಲ್ಲಿ ನಾಲ್ಕು ಲ್ಯಾಪ್‌ಟಾಪ್ ಇಟ್ಟು ಟೆಸ್ಟ್ ಮಾಡುತ್ತಿದ್ದೆವು. ಅವಳು "ನಾನು, ನೀನು, ಅವ, ಇವ, ಮತ್ತೆ ನಾನು" ಎಂದು ತಾಳ ಹಾಕಿದ ಹಾಗೆ ಹೇಳಿಕೊಡುತ್ತಾ ಎರಡೇ ನಿಮಿಷದಲ್ಲಿ ಬಾಸ್‌ನನ್ನು ಮುಗಿಸಿದಳು. ಮೂರು ತಿಂಗಳು ಕೂತು ಮಾಡಿದ ಕುಣಿತ ಒಂದೂ ಪರದೆಯ ಮೇಲೆ ಬರಲಿಲ್ಲ.

ಸರಿ ಅಂತ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಆಟಗಾರರ ನಡುವಿನ ಜಗಳಕ್ಕೆ ಬಹಳ ವರ್ಷ ಇದ್ದ ಲೆಕ್ಕವನ್ನೇ ತಂದೆವು. ಮೊದಲ ಸ್ಟನ್ ಪೂರ್ತಿ, ಎರಡನೆಯದು ಅರ್ಧ, ಮೂರನೆಯದು ಕಾಲು, ಆಮೇಲೆ ಸ್ವಲ್ಪ ಹೊತ್ತು ಯಾವುದೂ ತಾಗುವುದಿಲ್ಲ. ಅಂದ್ರೆ 3, 1.5, 0.75. ಒಟ್ಟು 5.25 ಸೆಕೆಂಡ್. ಬಾಸ್ ಬದುಕಿದ. ಆದರೆ ಈಗ ಆ ಬಟನ್ ಯಾರೂ ಮುಟ್ಟುವುದೇ ಇಲ್ಲ. ಕೊನೆಗೆ ಯಾರಿಗೂ ಹೇಳದೆ ಬಾಸ್‌ಗೆ ಸ್ಟನ್ ತಾಗುವುದನ್ನೇ ತೆಗೆದುಬಿಟ್ಟೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ! ಬೇಜಾರಾದದ್ದು ಅದಕ್ಕೇ.

ಹಾಗಾಗಿ ಕೇಳುವುದು ಇಷ್ಟು. ಸ್ಟನ್ ಒತ್ತಿದವನಿಗೆ "ನಾನು ಏನೋ ಒಂದು ಮಾಡಿದೆ" ಅನ್ನಿಸಬೇಕು, ಬಾಸ್‌ಗೂ ಮರ್ಯಾದೆ ಉಳಿಯಬೇಕು. ಯಾವ ಗೇಮ್‌ನಲ್ಲಿ ಇದು ಸರಿಯಾಗಿ ಬಂದಿದೆ? ನಾವು ಎಲ್ಲಿ ಎಡವಿದ್ದೇವೆ?

---

ಹೊಸೂರು_ಹೀಲರ್:

ಮೊದಲು ನಿಮ್ಮ ತಂಗಿಗೆ ಶಹಬ್ಬಾಸ್ ಹೇಳಿ. ಅವಳು ಮಾಡಿದ್ದೇ ಸರಿಯಾದ ಟೆಸ್ಟಿಂಗ್.

ಬರ್ನಿಂಗ್ ಕ್ರುಸೇಡ್ ಎಂಬ ವಿಸ್ತರಣೆಯ ಕಾಲದಿಂದ ವಾವ್‌ನಲ್ಲಿ (ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ) ಹೀಲರ್ ಆಗಿ, ಅಂದ್ರೆ ಜೊತೆಯವರ ಗಾಯ ಮಾಯಿಸುತ್ತಾ, ಬೆನ್ನು ಮುರಿದುಕೊಂಡವಳು ನಾನು, ಅದಕ್ಕೇ ಸ್ವಲ್ಪ ಅಧಿಕಾರದಿಂದ ಹೇಳುತ್ತೇನೆ. ನೀವು ಸ್ಟನ್ ಮತ್ತು ಇಂಟರಪ್ಟ್ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಸ್ಟನ್ ಅಂದ್ರೆ ಎದುರಿನವನ ಕೈಕಾಲು ಬಾಯಿ ಎಲ್ಲ ಕಟ್ಟಿಹಾಕುವುದು. ಇಂಟರಪ್ಟ್ ಅಂದ್ರೆ ಅವನು ಈಗ ಹೇಳುತ್ತಿರುವ ಮಂತ್ರ ಒಂದನ್ನು ಮಾತ್ರ ತುಂಡು ಮಾಡುವುದು. ವಾವ್‌ನಲ್ಲಿ ದೊಡ್ಡ ಬಾಸ್‌ಗಳಿಗೆ ಬಹುತೇಕ ಸ್ಟನ್ ತಾಗುವುದೇ ಇಲ್ಲ. ಆದರೆ ಕೆಲವು ಮಂತ್ರಗಳನ್ನು ಒದ್ದು ನಿಲ್ಲಿಸಬಹುದು. ಒಂದೊಂದು ಬಗೆಯ ಪಾತ್ರಕ್ಕೆ ಒಂದೊಂದು ಇಂಟರಪ್ಟ್: ರೋಗ್‌ಗೆ ಕಿಕ್, ಮೇಜ್‌ಗೆ ಕೌಂಟರ್‌ಸ್ಪೆಲ್, ಶಾಮನ್‌ಗೆ ವಿಂಡ್ ಶಿಯರ್, ವಾರಿಯರ್‌ಗೆ ಪಮ್ಮೆಲ್. ನಿಲ್ಲಿಸಲಾಗದ ಮಂತ್ರವಾದರೆ ಕಾಸ್ಟ್ ಬಾರ್ (ಮಂತ್ರ ಎಷ್ಟು ಮುಗಿಯಿತು ಅಂತ ತೋರಿಸುವ ಗೆರೆ) ಪಕ್ಕದಲ್ಲಿ ಗುರಾಣಿಯ ಗುರುತು ಕಾಣುತ್ತದೆ. ಅಂದ್ರೆ ಬಾಸ್ ಮೊದಲೇ ಹೇಳಿಬಿಡುತ್ತಾನೆ, ಇದಕ್ಕೆ ಕೈ ಹಾಕಬೇಡ, ಅದಕ್ಕೆ ಹಾಕು ಅಂತ.

ಬ್ಲ್ಯಾಕ್ ಟೆಂಪಲ್‌ನ ರೆಲಿಕ್ವರಿ ಆಫ್ ಸೋಲ್ಸ್ ಎಂಬ ಬಾಸ್ ನೆನಪಾಗುತ್ತಾನೆ. 2007ರಲ್ಲಿ ಬಂದದ್ದು. ಅವನಿಗೆ ಮೂರು ಮುಖ, ಒಂದಾದ ಮೇಲೆ ಒಂದು. ಎರಡನೆಯ ಮುಖ ಹೇಳುವ ಮಂತ್ರಗಳಲ್ಲಿ ಎರಡು ಮುಖ್ಯ. ಸ್ಪಿರಿಟ್ ಶಾಕ್ ಬಿದ್ದರೆ ಟ್ಯಾಂಕ್ (ಮುಂದೆ ನಿಂತು ಎಲ್ಲರ ಪರವಾಗಿ ಪೆಟ್ಟು ತಿನ್ನುವವನು) ಮಂಕಾಗಿ ನಿಂತುಬಿಡುತ್ತಾನೆ, ಬಾಸ್ ಬೇರೆಯವರ ಮೇಲೆ ಬೀಳುತ್ತಾನೆ. ಡೆಡನ್ ಬಿದ್ದರೆ ಟ್ಯಾಂಕ್‌ಗೆ ಬೀಳುವ ಪೆಟ್ಟು ದುಪ್ಪಟ್ಟು. ಹಾಗಾಗಿ ರೋಗ್‌ಗಳು ಸಾಲು ಕಟ್ಟಿ ಒದೆಯುತ್ತಿದ್ದರು, ನಿಮ್ಮ ತಂಗಿಯ ಹಾಗೇ "ಈಗ ನಿನ್ನದು, ಮುಂದಿನದು ನನ್ನದು" ಅಂತ. ಆದರೆ ಮಜಾ ಕೇಳಿ. ಟ್ಯಾಂಕ್ ಆಗಿರುವ ವಾರಿಯರ್ ಸರಿಯಾದ ಹೊತ್ತಿಗೆ ಸ್ಪೆಲ್ ರಿಫ್ಲೆಕ್ಟ್ ಹಾಕಿದರೆ ಡೆಡನ್ ತಿರುಗಿ ಬಾಸ್‌ಗೇ ಬೀಳುತ್ತದೆ. ಆಗ ದುಪ್ಪಟ್ಟು ಪೆಟ್ಟು ತಿನ್ನುವವನು ಅವನು! ಅಂದ್ರೆ ಒಂದೇ ಮಂತ್ರಕ್ಕೆ ಎರಡು ಉತ್ತರ. ಭಯ ಇದ್ದವರು ಒದ್ದು ನಿಲ್ಲಿಸುತ್ತಾರೆ, ಧೈರ್ಯ ಇದ್ದವರು ಬಿಟ್ಟು ತಿರುಗಿಸುತ್ತಾರೆ. ಇಷ್ಟು ವರ್ಷ ಆದರೂ ನನಗೆ ನೆನಪಿರುವುದು ಅದೇ.

ನಿಮ್ಮ ಬಾಸ್ ಏನು ಮಾಡಲು ಹೊರಟಿದ್ದಾನೆ ಅಂತಲೇ ಆಟಗಾರರಿಗೆ ಗೊತ್ತಿಲ್ಲ ಅನ್ನಿಸುತ್ತದೆ. ಗೊತ್ತಿಲ್ಲದಿದ್ದರೆ ತಡೆಯುವುದು ಏನನ್ನು?

---

ಉಪ್ಪಳ_ಡಬಲ್‌ಟ್ಯಾಪ್:

ಸ್ಟನ್ ತೆಗೆದು ಬಿಸಾಡಿ ಮಾರಾಯ್ರೆ. ಡಾಡ್ಜ್ ಮಾಡಲು (ಪೆಟ್ಟಿನಿಂದ ತಪ್ಪಿಸಿಕೊಳ್ಳಲು) ಬಂದರೆ ಸಾಕು. ಆಡಲು ಬಾರದವರಿಗೇ ಈ ಸ್ಟನ್ ಗಿನ್ ಎಲ್ಲ.

---

ಅಕ್ಕಲಕೋಟ_ಕಮಾಂಡರ್:

ಉಪ್ಪಳದವರೇ, ಡಾಡ್ಜ್ ಅಂದ್ರೆ ನಿಮ್ಮ ಜೀವ ನೀವು ಉಳಿಸಿಕೊಳ್ಳೋದು. ಇಂಟರಪ್ಟ್ ಅಂದ್ರೆ ನಾಲ್ಕೂ ಜನರ ಜೀವ ಒಬ್ಬನೇ ಉಳಿಸೋದು. ಎರಡೂ ಒಂದೇ ಅಲ್ಲ ನೋಡ್ರಿ.

ಬದಿಯಡ್ಕದವರಿಗೆ ನನ್ನ ಮಾತು ಗಿಲ್ಡ್ ವಾರ್ಸ್ 2ರಿಂದ. ಯಾಕಂದ್ರೆ ನೀವು ಎರಡು ವಾರದಲ್ಲಿ ಬಿದ್ದ ಗುಂಡಿಗೆ ಅವರು ಮೂರು ವರ್ಷ ಬಿದ್ದಿದ್ದರು. 2012ರಲ್ಲಿ ಆ ಗೇಮ್ ಬಂದಾಗ ಬಾಸ್‌ಗಳ ಮೇಲೆ ಡಿಫಯಂಟ್ ಅಂತ ಪದರ ಇರುತ್ತಿತ್ತು. ಒಂದೊಂದು ಸ್ಟನ್, ಒಂದೊಂದು ತಳ್ಳು ಒಂದೊಂದು ಪದರ ಕೀಳುತ್ತಿತ್ತು. ಎಲ್ಲ ಹೋದ ಮೇಲೆ ಬರುವ ಮುಂದಿನದು ಮಾತ್ರ ಬಾಸ್‌ಗೆ ತಾಗುತ್ತಿತ್ತು. ಸುತ್ತ ಜನ ಹೆಚ್ಚಾದಷ್ಟೂ ಪದರ ಹೆಚ್ಚು. ಕೇಳಲು ಚೆನ್ನಾಗಿದೆ, ಅಲ್ವಾ? ಆಡಲು ಕೂತರೆ ತಲೆನೋವು. ಐದಾರು ಪದರ ನಾವು ಲೆಕ್ಕ ಹಾಕಿ ಕಿತ್ತು, ಕೊನೆಯ ಹೊಡೆತವನ್ನು ಬಾಸ್‌ನ ದೊಡ್ಡ ಏಟಿಗೆ ಅಂತ ಇಟ್ಟುಕೊಂಡಿರುತ್ತಿದ್ದೆವು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಒಬ್ಬ ಪುಣ್ಯಾತ್ಮ ಸುಮ್ನೆ ತಳ್ಳುವ ಬಾಣ ಬಿಡುತ್ತಾ ಅದನ್ನು ಖಾಲಿ ಮಾಡಿಬಿಡುತ್ತಿದ್ದ. ಅವನಿಗೆ ತಾನು ಏನು ಮಾಡಿದೆ ಅಂತಲೂ ಗೊತ್ತಿರುತ್ತಿರಲಿಲ್ಲ.

2015ರ ಅಕ್ಟೋಬರ್‌ನಲ್ಲಿ ಹಾರ್ಟ್ ಆಫ್ ಥಾರ್ನ್ಸ್ ಬಂತು, ಅದರ ಜೊತೆ ಡಿಫಯನ್ಸ್ ಬಾರ್ ಬಂತು. ನಾವೆಲ್ಲ ಬ್ರೇಕ್‌ಬಾರ್ ಅನ್ನುವುದು ಅದಕ್ಕೇ. ಬಾಸ್‌ನ ಜೀವದ ಗೆರೆಯ ಕೆಳಗೆ ಇನ್ನೊಂದು ಗೆರೆ. ಬೇರೆ ಹೊತ್ತಿನಲ್ಲಿ ಅದು ಮಂಕಾಗಿ ಬೀಗ ಹಾಕಿದ ಹಾಗೆ ಇರುತ್ತದೆ. ಬಾಸ್ ದೊಡ್ಡದೊಂದು ಶುರು ಮಾಡಿದಾಗ ನೀಲಿಯಾಗಿ ತೆರೆದುಕೊಳ್ಳುತ್ತದೆ. ಆಗ ಸ್ಟನ್ ಹಾಕಿದರೆ ದೊಡ್ಡ ತುಂಡು ಹೋಗುತ್ತದೆ, ಚಳಿ ಹಿಡಿಸುವುದು ಕಾಲು ಕುಂಟಿಸುವುದು ಇಂಥವು ನಿಧಾನವಾಗಿ ಕೊರೆಯುತ್ತವೆ. ಗೆರೆ ಮುಗಿದರೆ ಅವನ ಕೆಲಸ ಅಲ್ಲಿಗೇ ನಿಂತು ಬಾಸ್ ಬಿದ್ದುಕೊಳ್ಳುತ್ತಾನೆ, ಎಷ್ಟೋ ಬಾಸ್‌ಗಳಲ್ಲಿ ಆಗ ಪೆಟ್ಟೂ ಹೆಚ್ಚು ಬೀಳುತ್ತದೆ. ಅದೇ ವರ್ಷ ಬಂದ ಮೊದಲ ರೇಡ್‌ನ (ದೊಡ್ಡ ಗುಂಪು ಕಟ್ಟಿ ಆಡುವ ಕಾಳಗದ) ಮೊದಲ ಬಾಸ್ ವೇಲ್ ಗಾರ್ಡಿಯನ್ ಹೀಗೇ. ಅವನು ಮಾಯದ ಬಿರುಗಾಳಿ ಎಬ್ಬಿಸುತ್ತಾನೆ. ಹತ್ತು ಜನ ಸೇರಿ ಬಾರ್ ಒಡೆಯುವವರೆಗೂ ಅದು ನಿಲ್ಲುವುದಿಲ್ಲ. ಪ್ರತಿ ಕ್ಷಣ ಎಲ್ಲರ ಜೀವ ಇಳಿಯುತ್ತಿರುತ್ತದೆ, ಹೀಲರ್ ಮೈಕ್‌ನಲ್ಲಿ ಕೂಗುತ್ತಿರುತ್ತಾನೆ.

ಇದರಲ್ಲಿ ಒಳ್ಳೆಯದು ಏನಂದ್ರೆ ಯಾರ ಬಟನ್ನೂ ದಂಡ ಆಗುವುದಿಲ್ಲ. ಹೊಸಬ ಒತ್ತಿದರೂ ಒಂದಿಷ್ಟು ಕೊರೆಯುತ್ತದೆ. ಕೆಟ್ಟದ್ದೂ ಹೇಳಬೇಕು. ನಾಲ್ಕೈದು ವರ್ಷ ಆಡಿದ ಮೇಲೆ ನನಗೆ ಅದು ಇನ್ನೊಂದು ಜೀವದ ಗೆರೆ ಅಷ್ಟೇ ಅನ್ನಿಸಲು ಶುರುವಾಯಿತು. ನೀಲಿ ಕಂಡಿತಾ, ಇದ್ದಬದ್ದದ್ದೆಲ್ಲ ಸುರಿ. ಯೋಚನೆ ಇಲ್ಲ, ಹೊತ್ತು ನೋಡುವುದಿಲ್ಲ. ಡಯಾಬ್ಲೋ 4ರ ಸ್ಟ್ಯಾಗರ್ ಬಾರ್‌ದೂ ಹಾಗೇ, ತುಂಬುತ್ತಾ ಹೋಗುತ್ತದೆ, ತುಂಬಿದಾಗ ಬಾಸ್ ಬೀಳುತ್ತಾನೆ, ನೀವು ಬೇಕಂತ ಬೀಳಿಸಿದ ಹಾಗೆ ಅನ್ನಿಸುವುದಿಲ್ಲ. ಬಾರ್ ಇಡಿ, ಬೇಡ ಅನ್ನಲ್ಲ, ಆದರೆ ಒಂದು ಕಾಳಗದಲ್ಲಿ ಎರಡು ಮೂರು ಸಲಕ್ಕಿಂತ ಹೆಚ್ಚು ತೆರೆಯಬೇಡಿ.

---

ಪೆರ್ಲದ_ಸುತ್ತಿಗೆ:

ಬದಿಯಡ್ಕ ಭಾವ, ನೀನು ಪಕ್ಕದಲ್ಲೇ ಇದ್ದುಕೊಂಡು ನನಗೆ ಒಂದು ಮಾತು ಹೇಳಲಿಲ್ಲವಲ್ಲ, ಗೇಮ್ ಮಾಡುವುದು ಅಂತ.

ನಾನು ಮಾನ್‌ಸ್ಟರ್ ಹಂಟರ್ ಬಿಟ್ಟು ಬೇರೆ ಆಡುವವನಲ್ಲ. ಅದರಲ್ಲಿ ಸ್ಟನ್‌ಗೆ ಬಟನ್ನೇ ಇಲ್ಲ. ಸುತ್ತಿಗೆಯ ಹಾಗೆ ಮೊಂಡಾದ ಆಯುಧದಿಂದ ತಲೆಗೇ ಹೊಡೆಯಬೇಕು. ಬಾಲಕ್ಕೆ ನೂರು ಪೆಟ್ಟು ಹಾಕಿದರೂ ಸ್ಟನ್ ಇಲ್ಲ. ಹೊಡೆದು ಹೊಡೆದು ಕಾಣದ ಲೆಕ್ಕ ತುಂಬಿದಾಗ ಆ ಮಲೆಯಂಥ ಜಂತು ಅಡ್ಡ ಬಿದ್ದು ಕಾಲು ಒದರುತ್ತದೆ. ಆಗ ನಾಲ್ಕೂ ಜನ ಓಡಿ ಬರುತ್ತಾರೆ. ಖಡ್ಗದವ ಬಾಲಕ್ಕೆ ಹೋಗುತ್ತಾನೆ, ಯಾಕಂದ್ರೆ ಬಾಲ ತುಂಡು ಮಾಡಲು ಹರಿತವಾದ ಆಯುಧವೇ ಬೇಕು. ಒಮ್ಮೆ ಬಿದ್ದ ಮೇಲೆ ಮುಂದಿನ ಸಲ ಬೀಳಿಸಲು ಇನ್ನೂ ಜಾಸ್ತಿ ಪೆಟ್ಟು ಬೇಕು. ನಿನ್ನ ಅರ್ಧ ಕಾಲು ಲೆಕ್ಕಕ್ಕಿಂತ ಇದು ಒಳ್ಳೆಯದು, ಗೊತ್ತುಂಟಾ? ನಿನ್ನದರಲ್ಲಿ ಸ್ಟನ್ ಚಿಕ್ಕದಾಗುತ್ತಾ ಹೋಗುತ್ತದೆ. ಒತ್ತಿದವನಿಗೆ ಮೋಸ ಆದ ಹಾಗೆ. ಇದರಲ್ಲಿ ಸಿಗುವುದು ಕಷ್ಟ ಆಗುತ್ತಾ ಹೋಗುತ್ತದೆ, ಸಿಕ್ಕಿದರೆ ಪೂರ್ತಿ ಸಿಗುತ್ತದೆ.

ಇನ್ನೊಂದು. ತಲೆಯ ಹತ್ತಿರ ನಿಲ್ಲುವುದು ಅಂದ್ರೆ ಹಲ್ಲಿನ ಹತ್ತಿರ ನಿಲ್ಲುವುದು. ಸ್ಟನ್ ಬೇಕಾದರೆ ಸಾಯುವ ಜಾಗದಲ್ಲಿ ನಿಲ್ಲಬೇಕು. ನಿನ್ನ ಗೇಮ್‌ನಲ್ಲಿ ತಂಗಿ ಎಲ್ಲಿ ನಿಂತು ಒತ್ತಿದಳು? ದೂರದ ಮೂಲೆಯಲ್ಲಿ, ಅಲ್ವಾ?

---

ಬದಿಯಡ್ಕ_ಬಣ್ಣದವೇಷ:

ಭಾವ, ಮೂಲೆಯಲ್ಲೇ. ಒಂದು ಕೈಯಲ್ಲಿ ಹಲಸಿನ ಹಪ್ಪಳ ಬೇರೆ ಇತ್ತು.

ಹೊಸೂರಿನ ಅಕ್ಕ, ನೀವು ಹೇಳಿದ್ದು ಸರಿ. ನಮ್ಮ ಬಾಸ್ ಏನು ಮಾಡುತ್ತಾನೆ ಅಂತ ಮಾಡಿದ ನಮಗೆ ಮಾತ್ರ ಗೊತ್ತು. ಅವನು ಆರ್ಭಟ ಕೊಟ್ಟು ಅರ್ಧ ಸೆಕೆಂಡಿನಲ್ಲಿ ಬೆಂಕಿ ಬರುತ್ತದೆ. ಅಷ್ಟರಲ್ಲಿ ಯಾರಿಗೂ ಬಟನ್ ಸಿಗುವುದಿಲ್ಲ. ಅದಕ್ಕೇ ಎಲ್ಲರೂ ಮೊದಲೇ ಒತ್ತಿ ಇಡುತ್ತಿದ್ದದ್ದು.

---

ಮಡಕಶಿರಾ_ಪಿಂಗ್:

ಅರ್ಧ ಸೆಕೆಂಡ್ ಅಂತ ಓದಿ ಸುಮ್ಮನಿರಲು ಆಗಲಿಲ್ಲ. ಸರ್ವರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು.

ಕಣ್ಣಿಗೆ ಏನಾದರೂ ಕಂಡು ಬೆರಳು ಒತ್ತಲು ಸಾಮಾನ್ಯ ಮನುಷ್ಯನಿಗೆ ಸುಮಾರು 250 ಮಿಲಿಸೆಕೆಂಡ್ ಬೇಕು. ಇದು ಕಾಯುತ್ತಾ ಕೂತವನಿಗೆ. ಯಾವುದನ್ನು ತಡೆಯಬೇಕು ಅಂತ ಆರಿಸಬೇಕಾದರೆ ಇನ್ನೂ ಹೆಚ್ಚು. ನಮ್ಮಂಥವರು ಯೂರೋಪಿನ ಸರ್ವರ್‌ನಲ್ಲಿ ಆಡುವಾಗ ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರುವ ಹೊತ್ತು) ಒಂದು 200 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಬಾಸ್ ಆರ್ಭಟಿಸಿದ್ದು ನಿಮಗೆ ಕಾಣುವುದು 100 ತಡವಾಗಿ, ನೀವು ಒತ್ತಿದ್ದು ಅಲ್ಲಿಗೆ ಮುಟ್ಟುವುದು ಇನ್ನೊಂದು 100 ತಡವಾಗಿ. ಒಟ್ಟು 450. ನಿಮ್ಮ ಅರ್ಧ ಸೆಕೆಂಡಿನಲ್ಲಿ ಉಳಿದದ್ದು 50 ಮಿಲಿಸೆಕೆಂಡ್. ಮಳೆಗಾಲದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಆಡುವವನಿಗೆ ಅದೂ ಇಲ್ಲ.

ನೀವು ಚಾವಡಿಯಲ್ಲಿ ನಾಲ್ಕು ಲ್ಯಾಪ್‌ಟಾಪ್ ಇಟ್ಟು ಟೆಸ್ಟ್ ಮಾಡಿದ್ದೀರಿ. ಒಂದೇ ರೂಟರ್, ಪಿಂಗ್ 2 ಅಥವಾ 3. ಅದು ಸುಳ್ಳು ಲೋಕ. ವಿಂಡೋಸ್ ಆದರೆ ಕ್ಲಮ್ಸಿ ಅಂತ ಒಂದು ಪುಟ್ಟ ಸಾಫ್ಟ್‌ವೇರ್ ಇದೆ, ಬೇಕಂತಲೇ ನೆಟ್ ತಡ ಮಾಡುತ್ತದೆ, ಪ್ಯಾಕೆಟ್ (ನೆಟ್‌ನಲ್ಲಿ ಹೋಗುವ ಸಂದೇಶದ ತುಂಡು) ಬೀಳಿಸುತ್ತದೆ. ಲಿನಕ್ಸ್ ಆದರೆ ನೆಟೆಮ್. 200 ತಡ ಹಾಕಿ, ಒಂದಿಷ್ಟು ಪ್ಯಾಕೆಟ್ ಬೀಳಿಸಿ, ಆಮೇಲೆ ತಂಗಿಯನ್ನು ಕೂರಿಸಿ.

ಇನ್ನು ಕೋಡ್‌ನಲ್ಲಿ ಮಾಡಬೇಕಾದ್ದು. ತಡೆಯಬೇಕಾದ ಮಂತ್ರ 2 ಸೆಕೆಂಡಿಗಿಂತ ಕಡಿಮೆ ಇರಬಾರದು. ಆಟಗಾರ ಒತ್ತಿದ ಹೊತ್ತನ್ನೂ ಸಂದೇಶದ ಜೊತೆ ಕಳಿಸಿ, ಮಂತ್ರ ಮುಗಿದು 150 ಮಿಲಿಸೆಕೆಂಡ್ ಒಳಗೆ ಬಂದರೂ ಅವನು ಒತ್ತಿದ್ದು ಮೊದಲೇ ಆಗಿದ್ದರೆ ಸರ್ವರ್ ಒಪ್ಪಿಕೊಳ್ಳಲಿ. ಮಿತಿ ಇಡದಿದ್ದರೆ ಮೋಸಗಾರರು ಗಡಿಯಾರ ಹಿಂದಕ್ಕೆ ತಿರುಗಿಸಿ ಕಳಿಸುತ್ತಾರೆ, ಅದು ಬೇರೆ ಕತೆ.

ಮತ್ತೆ ಒಂದು ವಿಷಯ ಯಾರೂ ಹೇಳಲಿಲ್ಲ. ಇಬ್ಬರು ಒಟ್ಟಿಗೇ ಒತ್ತಿದರೆ? ಮೊದಲು ಮುಟ್ಟಿದವನದ್ದು ತಾಗುತ್ತದೆ, ಎರಡನೆಯವನ ಕೂಲ್‌ಡೌನ್ ಸುಮ್ನೆ ಹೋಗುತ್ತದೆ. ಮುಂದಿನ ಮಂತ್ರಕ್ಕೆ ಇಬ್ಬರ ಕೈಯೂ ಖಾಲಿ, ಎಲ್ಲರೂ ಸಾಯುತ್ತಾರೆ. ಪರಿಚಯ ಇಲ್ಲದವರ ಜೊತೆ ಆಡುವಾಗ ಜನ ಇಂಟರಪ್ಟ್ ಒತ್ತಲು ಹಿಂಜರಿಯುವುದು ಅರ್ಧ ಇದಕ್ಕೇ. ಅರ್ಧ ಸೆಕೆಂಡಿನೊಳಗೆ ಬಂದ ಎರಡನೆಯ ಇಂಟರಪ್ಟ್ ಆದರೆ ಅವನ ಕೂಲ್‌ಡೌನ್ ವಾಪಸ್ ಕೊಡಿ. ಹತ್ತು ಸಾಲಿನ ಕೋಡ್ ಇರಬಹುದು.

---

ಹೊಸೂರು_ಹೀಲರ್:

ಕೂಲ್‌ಡೌನ್ ವಾಪಸ್ ಕೊಡುವುದು! ಅಯ್ಯೋ, ಇದಕ್ಕೆ ನಾನು ಎಷ್ಟು ಸಲ ಜಗಳ ಆಡಿದ್ದೇನೆ. ಆದರೆ ಪೂರ್ತಿ ವಾಪಸ್ ಬೇಡ ಸರ್. ಪೂರ್ತಿ ಕೊಟ್ಟರೆ ನಾಲ್ಕೂ ಜನ ಪ್ರತಿ ಸಲ ಒಟ್ಟಿಗೇ ಒತ್ತುತ್ತಾರೆ, ಯಾರದೋ ತಾಗುತ್ತದೆ ಅಂತ. ಅರ್ಧ ಕೊಟ್ಟರೆ ಸಾಕು. ಆಗ ಮಾತಾಡಿಕೊಂಡು ಆಡಿದವರಿಗೆ ಸ್ವಲ್ಪ ಲಾಭ, ಆಡದವರಿಗೆ ಸಾವಿಲ್ಲ.

ಯಾರಿಗೆ ಯಾವ ಇಂಟರಪ್ಟ್ ಕೊಡಬೇಕು ಅಂತಲೂ ಯೋಚಿಸಿ. ಫೈನಲ್ ಫ್ಯಾಂಟಸಿ 14ರಲ್ಲಿ ಇಂಟರ್‌ಜೆಕ್ಟ್ ಟ್ಯಾಂಕ್‌ಗಳಿಗೆ, ಹೆಡ್ ಗ್ರೇಜ್ ಬಿಲ್ಲು ಕೋವಿಯಂಥ ದೂರದ ಆಯುಧ ಹಿಡಿದವರಿಗೆ, ಉಳಿದವರಿಗೆ ಇಲ್ಲ. ಹೊಣೆ ಯಾರದು ಅಂತ ಸ್ಪಷ್ಟ ಇರುತ್ತದೆ. ಅತಿಯಾದರೆ ಏನಾಗುತ್ತದೆ ಅಂತ ಡೆಸ್ಟಿನಿ 2ರಲ್ಲಿ 2019ರಿಂದ ನೋಡಿದೆವು. ಅಲ್ಲಿ ಚಾಂಪಿಯನ್ ಅಂತ ಮೂರು ಬಗೆಯ ಶತ್ರು, ಒಂದೊಂದಕ್ಕೆ ಒಂದೊಂದು ಬಗೆಯ ಬಲ ಇರುವ ಆಯುಧವೇ ಆಗ ಬೇಕಿತ್ತು. ಬೀಗಕ್ಕೆ ತಕ್ಕ ಕೀಲಿ ತರದಿದ್ದರೆ ಒದ್ದಾಟ. ನನ್ನ ತಮ್ಮ ಇಷ್ಟದ ಬಂದೂಕನ್ನು ಪೆಟ್ಟಿಗೆಯಲ್ಲಿಟ್ಟು ಬೇಡದ್ದನ್ನು ಹಿಡಿದುಕೊಂಡು ಹೋಗುತ್ತಿದ್ದ, ದಿನಾ ಗೊಣಗಾಟ. ನಿಮ್ಮದು ನಾಲ್ಕೇ ಜನರ ಗೇಮ್. ಎಲ್ಲರಿಗೂ ಇರಲಿ, ಆದರೆ ಒಬ್ಬೊಬ್ಬರದ್ದು ಒಂದೊಂದು ಥರ ಇರಲಿ.

---

ಉಪ್ಪಳ_ಡಬಲ್‌ಟ್ಯಾಪ್:

ಸರಿ ಸರಿ, ಎಲ್ಲರೂ ಸೇರಿ ನನ್ನ ಮೇಲೆ ಬೀಳಬೇಡಿ. ಒಂದು ಮಾತ್ರ ಹೇಳುತ್ತೇನೆ. ತಡೆಯಲು ಆಗದಿದ್ದರೆ ನಾಲ್ಕೂ ಜನ ಫಟ್ ಅಂತ ಸಾಯುವ ಹಾಗೆ ಮಾಡಬೇಡಿ. ಒಂದು ಸಲ ನೆಟ್ ಸಿಕ್ಕಿಹಾಕಿಕೊಂಡರೆ ಇಪ್ಪತ್ತು ನಿಮಿಷದ ಆಟ ನೀರು ಪಾಲು. ನಾನು ಸ್ಟನ್ ಬಿಸಾಡಿ ಅಂದದ್ದೂ ಅದೇ ಸಿಟ್ಟಿಗೆ.

---

ಬದಿಯಡ್ಕ_ಬಣ್ಣದವೇಷ:

ಹತ್ತು ದಿನ ಕಳೆದು ಬರೆಯುತ್ತಿದ್ದೇನೆ. ಮಧ್ಯದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿರಲಿಲ್ಲ.

ನಿಮ್ಮ ಮಾತು ಓದಿಕೊಂಡು ಮೊದಲು ಮಾಡಿದ್ದು ಆರ್ಭಟ ಉದ್ದ ಮಾಡಿದ್ದು. ಈಗ ಬೆಂಕಿಗೆ ಮೊದಲು ಎರಡೂವರೆ ಸೆಕೆಂಡ್ ಚೆಂಡೆ ಕೇಳುತ್ತದೆ. ಪೆಟ್ಟು ದೂರದಿಂದ ಶುರುವಾಗಿ ಹತ್ತಿರ ಹತ್ತಿರ ಬರುತ್ತದೆ, ಕೊನೆಗೆ ಉರುಳಿಕೆ (ಬಿಡದೆ ಬೀಳುವ ವೇಗದ ಪೆಟ್ಟು). ಉರುಳಿಕೆ ಶುರುವಾದ ಮೇಲೆ, ಮುಗಿಯುವ ಮೊದಲು ಒತ್ತಬೇಕು. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ, ಚೆಂಡೆ ಎಲ್ಲಿ ನಿಲ್ಲುತ್ತದೆ ಅಂತ ಕಿವಿಗೆ ಮೊದಲೇ ಗೊತ್ತು. ಕಣ್ಣು ಕಾಸ್ಟ್ ಬಾರ್ ಮೇಲೆ ಇರಬೇಕಾಗಿಲ್ಲ. ಮಡಕಶಿರಾದ ಅಣ್ಣ ಹೇಳಿದ ಹಾಗೆ 200 ತಡ ಹಾಕಿ ನೋಡಿದೆವು, ಹತ್ತರಲ್ಲಿ ಏಳು ಸಲ ಸಿಕ್ಕಿತು. ಮೊದಲು ಸೊನ್ನೆ ಇತ್ತು.

ಆದರೂ ಏನೋ ಸರಿ ಇರಲಿಲ್ಲ. ತಡೆದ ಮೇಲೆ ಬಾಸ್ 3 ಸೆಕೆಂಡ್ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಎಲ್ಲರೂ ಬಡಿಯುತ್ತಿದ್ದರು, ಮತ್ತೆ ಮೊದಲಿನಿಂದ ಶುರು. ಅಷ್ಟು ಹೊತ್ತಿಗೆ ಸೋದರಮಾವ ಮನೆಗೆ ಬಂದಿದ್ದರು. ಅವರು ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥ ಹೇಳುವವರು. ಗೇಮ್ ಅಂದ್ರೆ ಆಗುವುದಿಲ್ಲ, ಆದರೆ ಬಣ್ಣದ ವೇಷ ಕಂಡದ್ದಕ್ಕೆ ಚಹಾ ಲೋಟ ಹಿಡಿದುಕೊಂಡು ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ ಕೇಳಿದರು: "ನೀವು ಅವನ ಮಾತು ತುಂಡು ಮಾಡಿದ್ದು ಸರಿ. ಅವ ಎಂತಕ್ಕೆ ಬಾಯಿ ಮುಚ್ಚಿ ನಿಂತ? ನನ್ನ ಮಾತು ತುಂಡು ಮಾಡಿದವನನ್ನು ನಾನು ಬಿಡುತ್ತೇನಾ? ಆ ದಾರಿ ಹೋಯ್ತು ಅಂದ್ರೆ ಬೇರೆ ದಾರಿಯಲ್ಲಿ ಅವನ ಮೇಲೆಯೇ ಹೋಗ್ತೇನೆ."

ಹೇಳಿ ಚಹಾ ಮುಗಿಸಿ ಹೋದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಅದೇ ರಾತ್ರಿ ಬದಲಾಯಿಸಿದೆವು. ಈಗ ಬೆಂಕಿಯ ಆರ್ಭಟ ತಡೆದರೆ ಬಾಸ್ ಒಂದು ಸೆಕೆಂಡ್ ತತ್ತರಿಸುತ್ತಾನೆ, ಆಮೇಲೆ ತಡೆದವನನ್ನೇ ಹುಡುಕಿಕೊಂಡು 8 ಸೆಕೆಂಡ್ ಅಟ್ಟಿಸಿಕೊಂಡು ಹೋಗುತ್ತಾನೆ. ಬೇರೆ ಯಾರನ್ನೂ ನೋಡುವುದಿಲ್ಲ. ಅಟ್ಟುವಾಗ ಅವನ ಬೆನ್ನು ಖಾಲಿ, ಬೆನ್ನಿಗೆ ಬಿದ್ದ ಪೆಟ್ಟು ಒಂದೂವರೆ ಪಾಲು. ಅಂದ್ರೆ ಯಾರು ತಡೆಯಬೇಕು ಅನ್ನುವುದೇ ಈಗ ಪ್ರಶ್ನೆ. ಗುರಾಣಿಯವ ತಡೆದರೆ ಅಪಾಯ ಇಲ್ಲ, ಆದರೆ ಅವನು ಬಾಸ್‌ನ ಹತ್ತಿರವೇ ನಿಂತಿರುವುದರಿಂದ ಓಡಾಟ ಇಲ್ಲ, ಬೆನ್ನು ಸಿಗುವುದಿಲ್ಲ. ಬಿಲ್ಲಿನವ ದೂರದಿಂದ ತಡೆದರೆ ಬಾಸ್ ಅಂಗಳದ ಆ ಮೂಲೆಯಿಂದ ಈ ಮೂಲೆಗೆ ಓಡಬೇಕು, ಉಳಿದ ಮೂವರಿಗೆ ಹಬ್ಬ. ಆದರೆ ಬಿಲ್ಲಿನವನಿಗೆ ಓಡಲು ಬರಬೇಕು. ಹೀಲರ್ ತಡೆದರೆ 8 ಸೆಕೆಂಡ್ ಯಾರಿಗೂ ಮದ್ದಿಲ್ಲ. ತಂಗಿ ಮೂಲೆಯಿಂದ ಒತ್ತಿದಳು, ಬಾಸ್ ತಿರುಗಿ ಅವಳ ಕಡೆಗೇ ಬಂದ. ಹಪ್ಪಳ ಕೆಳಗೆ ಬಿತ್ತು.

ಪೆರ್ಲದ ಭಾವನ ಸಾಯುವ ಜಾಗದ ಮಾತು ಇಲ್ಲಿ ಬೇರೆ ಥರ ಬಂತು ನೋಡಿ. ಒತ್ತಿದ ಮೇಲೆ ಸಾಯುವ ಜಾಗವೇ ನಿನ್ನ ಹತ್ತಿರ ಬರುತ್ತದೆ.

ತಡೆಯದಿದ್ದರೆ ಸಾವಿಲ್ಲ, ಉಪ್ಪಳದವರೇ. ನೆಲದ ಕಾಲುಭಾಗ ಉರಿಯುತ್ತದೆ, 30 ಸೆಕೆಂಡ್ ಅಲ್ಲಿ ನಿಲ್ಲುವ ಹಾಗಿಲ್ಲ. ಎರಡು ಸಲ ತಪ್ಪಿದರೆ ಅರ್ಧ ಅಂಗಳ ಹೋಯ್ತು, ಇಕ್ಕಟ್ಟು ಆಗುತ್ತದೆ, ಆದರೂ ಆಡಬಹುದು. ಬ್ರೇಕ್‌ಬಾರ್ ಒಂದೇ ಸಲ ಇಟ್ಟಿದ್ದೇವೆ, ಬಾಸ್‌ನ ಜೀವ ಕಾಲುಭಾಗಕ್ಕೆ ಇಳಿದಾಗ. ಅದಕ್ಕೆ ಮಾತ್ರ ಹಳೆಯ ಸ್ಟನ್‌ಗಳು ತಾಗುತ್ತವೆ. ಎರಡನೆಯವನಿಗೆ ಅರ್ಧ ಕೂಲ್‌ಡೌನ್ ವಾಪಸ್ ಕೊಡುವುದೂ ಆಯ್ತು. ಹತ್ತು ಸಾಲಲ್ಲ ಅಣ್ಣ, ನಲವತ್ತಾಯ್ತು. ಅದರಲ್ಲೂ ಒಂದು ಬಗ್ ಉಂಟು, ಕೆಲವು ಸಲ ಇಬ್ಬರನ್ನೂ ಅಟ್ಟಬೇಕು ಅಂತ ಬಾಸ್ ಮಧ್ಯದಲ್ಲಿ ನಿಂತು ನಡುಗುತ್ತಾನೆ.

---

ಅಕ್ಕಲಕೋಟ_ಕಮಾಂಡರ್:

ನಡುಗುವುದನ್ನು ತೆಗೀಬೇಡ್ರಿ, ಚೆನ್ನಾಗಿರುತ್ತದೆ. ಇಬ್ಬರು ಒಟ್ಟಿಗೇ ಬೈದರೆ ನಾನೂ ಹಂಗೇ ಮಾಡ್ತೀನಿ.

ಒಂದೇ ಅನುಮಾನ. ಹತ್ತು ಸಲ ಆಡಿದ ಮೇಲೆ ಎಲ್ಲರೂ ಬಿಲ್ಲಿನವನೇ ತಡೆಯಲಿ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಆಮೇಲೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಂದು ಸಲ ತಡೆದವನು ಮುಂದಿನ ಸಲ ತಡೆಯಲು ಆಗದ ಹಾಗೆ ಮಾಡಿ. ಇಲ್ಲಾ ಅಂದ್ರೆ ಎರಡನೆಯ ಸಲ ಅದೇ ಮನುಷ್ಯ ತಡೆದರೆ ಅಟ್ಟುವ ಹೊತ್ತು ದುಪ್ಪಟ್ಟು ಮಾಡಿ.

---

ಬದಿಯಡ್ಕ_ಬಣ್ಣದವೇಷ:

ದುಪ್ಪಟ್ಟು ಮಾಡುವುದು ಚೆನ್ನಾಗಿದೆ. ಆಗುವುದೇ ಇಲ್ಲ ಅಂತ ಬಾಗಿಲು ಮುಚ್ಚುವುದಕ್ಕಿಂತ ಅದು ಒಳ್ಳೆಯದು. ಇವತ್ತೇ ಹಾಕುತ್ತೇನೆ.

ಈಗ ಹೊಸ ತಲೆಬಿಸಿ ಒಂದು ಉಂಟು. ತಂಗಿ ಬೇಕಂತಲೇ ತಡೆಯುವುದಿಲ್ಲ. ಉರುಳಿಕೆ ಪೂರ್ತಿ ಕೇಳಬೇಕಂತೆ, ಬೆಂಕಿ ಏಳುವುದನ್ನು ನೋಡಬೇಕಂತೆ. ನೆಲ ಉರಿಯುತ್ತಾ ಉರಿಯುತ್ತಾ ಕೊನೆಗೆ ನಾಲ್ಕೂ ಜನ ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿರುತ್ತೇವೆ, ಅವಳು ಮಾತ್ರ ನಗುತ್ತಿರುತ್ತಾಳೆ. ಅದಕ್ಕೆ ಎಂತ ಕೂಲ್‌ಡೌನ್ ಇಡುವುದು ಅಂತ ಗೊತ್ತಾಗುತ್ತಿಲ್ಲ.

ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಗೆ ಸರ್ವರ್ ಹಾಕುತ್ತೇನೆ, ಕರೆಂಟಿದ್ದರೆ. ಪೆರ್ಲದ ಭಾವ ಮನೆಗೇ ಬರಲಿ. ಉಳಿದವರು ಅಲ್ಲಿಂದಲೇ ಸೇರಿಕೊಳ್ಳಿ, ನಿಜವಾದ ಪಿಂಗ್‌ನಲ್ಲಿ ಹೇಗೆ ಬರುತ್ತದೆ ನೋಡುವ. ಉಪ್ಪಳದವರೇ, ನಿಮಗೆ ಬಿಲ್ಲು.